ಮುಪ್ಪಾದ ಮೊಲಕ್ಕೆ ಯಾವ ಪೆಲೆಟ್ ಒಳ್ಳೆಯದು?

ಮೊಲವನ್ನು ಮನೆಗೆ ತರುವವರು ಮಕ್ಕಳು, ಅದನ್ನು ಮುಪ್ಪಿನವರೆಗೆ ಸಾಕುವವರು ನಾವು. ಹೌದೋ ಅಲ್ಲವೋ, ನೀವೇ ಹೇಳಿ! ಐದನೇ ಕ್ಲಾಸಿನ ಮಗ ಹಟ ಹಿಡಿದು ಕೊಡಿಸಿಕೊಂಡಾಗ ಅಂಗೈಯಲ್ಲಿ ಕೂರುವಷ್ಟಿದ್ದ ಮರಿ, ಅವನು ಪಿ.ಯು.ಸಿ. ಮುಗಿಸಿ ಹಾಸ್ಟೆಲ್ ಸೇರುವ ಹೊತ್ತಿಗೆ ಅಜ್ಜನಾಗಿರುತ್ತದೆ. ಭಾನುವಾರ ಫೋನು ಬಂದರೆ ಮೊದಲು "ಅಮ್ಮ, ಮೊಲ ಹೇಗಿದೆ?" ಆಮೇಲೆ "ನೀನು ಹೇಗಿದ್ದೀಯ?" ಇರಲಿ, ಅದಕ್ಕೆ ಬೇಜಾರಿಲ್ಲ. ಆದರೆ ಮುದಿ ಮೊಲಕ್ಕೆ ಏನು ಹಾಕಬೇಕು, ಎಷ್ಟು ಹಾಕಬೇಕು ಅಂತ ನಮ್ಮಂಥ ಊರುಗಳಲ್ಲಿ ಹೇಳಿಕೊಡುವವರು ಬಹಳ ಕಡಿಮೆ. ಹಸು ಎಮ್ಮೆಗಾದರೆ ಕೇರಿಗೊಬ್ಬ ವೈದ್ಯರು ಸಿಗುತ್ತಾರೆ, ಮೊಲಕ್ಕೆ ಯಾರಿದ್ದಾರೆ?

ಚೆನ್ನಾಗಿ ನೋಡಿಕೊಂಡ ಮನೆಮೊಲ 8ರಿಂದ 12 ವರ್ಷ ಬದುಕುತ್ತದೆ. 5-6 ವರ್ಷ ದಾಟಿತೆಂದರೆ ಅದಕ್ಕೆ ವಯಸ್ಸಾಯಿತು ಎಂದೇ ಲೆಕ್ಕ. ಕಣ್ಣಿಗೆ ಮಾತ್ರ ಅದು ಬೇಗ ಕಾಣುವುದಿಲ್ಲ. ಕೂದಲು ಹಾಗೇ ಬೆಳ್ಳಗೆ, ಕಿವಿ ಹಾಗೇ ನೆಟ್ಟಗೆ. ಒಳಗೆ ಹಲ್ಲು, ಕೀಲು, ಮೂತ್ರಕೋಶ ಒಂದೊಂದಾಗಿ ಸೋಲತೊಡಗಿರುತ್ತವೆ.

"ಕಾವಲಿನ ಮೊಲಕ್ಕೆ ಯಾರಮ್ಮ ಪೆಲೆಟ್ ಹಾಕ್ತಾರೆ? ಅದು ಹುಲ್ಲು ತಿಂದ್ಕೊಂಡು ಚೆನ್ನಾಗಿಲ್ವಾ?" ಎಂದು ನಮ್ಮ ಅತ್ತೆಯವರು ಕೇಳುತ್ತಿದ್ದರು. ನಿಮ್ಮ ಮನೆಯಲ್ಲೂ ಯಾರಾದರೂ ಕೇಳಿಯೇ ಇರುತ್ತಾರೆ. ನಮ್ಮ ಕಡೂರು ಸೀಮೆಯ ಅಮೃತಮಹಲ್ ಕಾವಲುಗಳಲ್ಲಿ ಸಂಜೆ ಹೊತ್ತು ಓಡಾಡುವುದು ಬೇರೆ ಪ್ರಾಣಿ, ಕಾಡು ಮೊಲ. ಅದನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವಾದ ಬಾಸೂರು ಕಾವಲಿನಲ್ಲಷ್ಟೇ ಅಲ್ಲ, ನಿಮ್ಮ ಹೊಲದ ಬದುವಿನಲ್ಲಿ ಸಿಕ್ಕಿದರೂ ಇದೇ ಕಾನೂನು. ನಾವು ಸಾಕುವ ಮೊಲದ ವಂಶ ಸ್ಪೇನು, ಪೋರ್ಚುಗಲ್ ದೇಶಗಳ ಬಿಲ ತೋಡುವ ಮೊಲದ್ದು. ನಮ್ಮ ಏಪ್ರಿಲ್ ಬಿಸಿಲು ಅದಕ್ಕೆ ಆಗಿಬರುವುದಿಲ್ಲ. ಇನ್ನು ಕಾವಲಿನ ಮೊಲ ಮುದಿಯಾಗುವ ತನಕ ಉಳಿಯುವುದೇ ಅಪರೂಪ. ನರಿ, ಹದ್ದು ಬಿಡುತ್ತವೆಯೇ? ಮುಪ್ಪು ಎಂಬುದು ಮನೆಮೊಲಕ್ಕೆ ಮನುಷ್ಯರ ಜೊತೆ ಬಂದ ಭಾಗ್ಯ, ಅದರ ಕಷ್ಟಗಳೂ ಜೊತೆಗೇ ಬಂದಿವೆ.

ಸಿಂಗಟಗೆರೆಯವರಿಗೆ ಪೆಲೆಟ್ ಬೇಕೆಂದರೆ ಕಡೂರಿಗೋ ಬೀರೂರಿಗೋ ಹೋಗಬೇಕು. ಫೀಡ್ ಅಂಗಡಿಯಲ್ಲಿ ಹಸುವಿನದು, ಕೋಳಿಯದು, ಮೊಲದ್ದು ಎಂದು ಚೀಲಗಳು ಒಂದರ ಪಕ್ಕ ಒಂದು ಬಾಯಿ ಬಿಚ್ಚಿಕೊಂಡು ಕೂತಿರುತ್ತವೆ. ನೋಡಿದರೆ ಎಲ್ಲವೂ ಕಂದು ಬಣ್ಣದ ಗುಳಿಗೆಗಳೇ. ಮೊಲದ್ದು ಮುಗಿದಿದ್ದರೆ "ಎಲ್ಲಾ ಒಂದೇ ಕಣಕ್ಕ, ಇದನ್ನೇ ಹಾಕಿ" ಎನ್ನುವವರೂ ಇದ್ದಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಗಾದೆ ಸುಮ್ಮನೆ ಹುಟ್ಟಿಲ್ಲ!

ದಯವಿಟ್ಟು ಕೊಳ್ಳಬೇಡಿ. ಕೋಳಿ ಫೀಡಿನಲ್ಲಿ ನಾರು ಬಹಳ ಕಡಿಮೆ. ಅಲ್ಲದೆ ಕೋಳಿಗಳಿಗೆ ರಕ್ತಭೇದಿ ಬಾರದಿರಲೆಂದು ಅದರಲ್ಲಿ ಬೆರೆಸುವ ಕೆಲವು ಔಷಧಗಳು ಮೊಲಕ್ಕೆ ವಿಷ. ಹಸುವಿನ ಫೀಡಿನ ಕಥೆ ಬೇರೆ. ಕೆಲವು ಬಗೆಯ ಪಶು ಆಹಾರದಲ್ಲಿ ಸ್ವಲ್ಪ ಯೂರಿಯಾ ಇರುತ್ತದೆ. ಮೆಲುಕು ಹಾಕುವ ಹಸುವಿನ ಹೊಟ್ಟೆಗೆ ಅದನ್ನು ಅರಗಿಸಿಕೊಳ್ಳುವ ಶಕ್ತಿ ಇದೆ, ಮೊಲಕ್ಕಿಲ್ಲ. ಕಡಲೆಕಾಯಿ ಹಿಂಡಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ನಿಮಗೆ ಗೊತ್ತೇ ಇದೆ. ಆ ಬೂಷ್ಟಿನ ವಿಷ ಮೊಲದ ಲಿವರನ್ನು ಬೇಗ ಕೆಡಿಸುತ್ತದೆ.

ಸರಿ, ಮೊಲದ ಫೀಡೇ ಸಿಕ್ಕಿತು ಅನ್ನಿ. ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಅಂಗಡಿಯಲ್ಲಿ ಸಡಿಲವಾಗಿ ತೂಗಿ ಕೊಡುವ ಪೆಲೆಟ್ ಸಾಮಾನ್ಯವಾಗಿ ಮಾಂಸಕ್ಕಾಗಿ ಮೊಲ ಸಾಕುವವರಿಗೆಂದು ಮಾಡಿದ್ದು. ನಮ್ಮ ದೇಶದಲ್ಲಿ ಮೊಲ ಸಾಕಣೆ ಒಂದು ಕಸುಬಾಗಿಯೂ ಇದೆ. ಕೊಡೈಕೆನಾಲ್ ಹತ್ತಿರದ ಮನ್ನವನೂರಿನಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಶಾಖೆ ದೊಡ್ಡ ತಳಿಯ ಮೊಲಗಳನ್ನು ಬೆಳೆಸಿ ರೈತರಿಗೆ ಕೊಡುತ್ತದೆ. ಅಂಥ ಸಾಕಣೆಯಲ್ಲಿ ಮರಿ ಮೂರು ತಿಂಗಳಿಗೇ ಎರಡು ಕೆ.ಜಿ. ತೂಗಬೇಕು, ಹೆಣ್ಣು ಮೊಲ ವರ್ಷಕ್ಕೆ ಹಲವು ಸಲ ಮರಿ ಹಾಕಬೇಕು. ಅದಕ್ಕೇ ಆ ಪೆಲೆಟ್ಟಿನಲ್ಲಿ ಪ್ರೋಟೀನು ನೂರಕ್ಕೆ 16ರಿಂದ 18ರಷ್ಟು, ಕಾಳಿನ ಅಂಶವೂ ಧಾರಾಳ. ಬೆಳೆಯುವವರ ಊಟ ಅದು. ಕೂತಲ್ಲೇ ಕೂತು ತೂಕಡಿಸುವ ಏಳು ವರ್ಷದ ಮೊಲಕ್ಕೆ ದಿನಾ ಅದನ್ನೇ ಹಾಕಿದರೆ, ಷುಗರ್ ಇರುವ ಮಾವನವರಿಗೆ ದಿನಾ ಒಬ್ಬಟ್ಟು ಬಡಿಸಿದ ಹಾಗೆ.

<b>ಚೀಲದ ಮೇಲಿನ ಚಿತ್ರ ಬಿಡಿ, ಅಂಕಿ ನೋಡಿ</b>

ಅಂಗಡಿಗೆ ಹೋಗುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಪೆಲೆಟ್ಟು ಮೊಲದ ಊಟವಲ್ಲ. ಊಟ ಎಂದರೆ ಹುಲ್ಲು. ನಮ್ಮ ತಟ್ಟೆಯಲ್ಲಿ ಮುದ್ದೆ ಹೇಗೋ ಅದಕ್ಕೆ ಒಣಹುಲ್ಲು ಹಾಗೆ. ಸೊಪ್ಪು ಸಾರಿದ್ದಂತೆ. ಪೆಲೆಟ್ಟು ಪಕ್ಕದಲ್ಲಿ ನಂಚಿಕೊಳ್ಳಲು ಉಪ್ಪಿನಕಾಯಿ. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಮೇಲಿನ ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತದೆ ಎಂದರೆ ನಂಬುತ್ತೀರಾ? ಹುಲ್ಲನ್ನು ಅಕ್ಕಪಕ್ಕಕ್ಕೆ ದವಡೆ ಆಡಿಸಿ ಅರೆದರೆ ಮಾತ್ರ ಹಿಂದಿನ ಹಲ್ಲುಗಳು ಸವೆಯುತ್ತವೆ. ಪೆಲೆಟ್ಟು ಕಟುಂ ಎಂದು ಒಡೆದು ಪುಡಿಯಾಗಿ ಹೊಟ್ಟೆಗೆ ಇಳಿದುಬಿಡುತ್ತದೆ, ಹಲ್ಲಿಗೆ ಕೆಲಸವೇ ಇಲ್ಲ. "ಗಟ್ಟಿಯಾದ ಪೆಲೆಟ್ ಹಾಕಿದರೆ ಹಲ್ಲು ಸವೆಯುತ್ತೆ" ಎನ್ನುವುದು ಬರೀ ಮಾತು.

ಈಗ ಚೀಲ ತಿರುಗಿಸಿ. ಹಿಂಭಾಗದಲ್ಲಿ ಇಂಗ್ಲಿಷಿನಲ್ಲಿ ಸಣ್ಣಕ್ಷರದ ಪಟ್ಟಿ ಇರುತ್ತದೆ. ಇಂಗ್ಲಿಷ್ ಬಾರದು ಎಂದು ಹಿಂಜರಿಯಬೇಡಿ, ನಾಲ್ಕೇ ಸಾಲು. ಮೊದಲು 'ಫೈಬರ್', ಅಂದರೆ ನಾರು. ಇದು ನೂರಕ್ಕೆ 18ಕ್ಕಿಂತ ಕಡಿಮೆ ಇರಲೇಬಾರದು, 20ರಿಂದ 25 ಇದ್ದರೆ ಬಹಳ ಒಳ್ಳೆಯದು. ಎರಡನೆಯದು 'ಪ್ರೋಟೀನ್', 12ರಿಂದ 14 ಸಾಕು. 'ಫ್ಯಾಟ್', ಕೊಬ್ಬು, 3ನ್ನು ಮೀರಬಾರದು. ಕೊನೆಗೆ 'ಕ್ಯಾಲ್ಸಿಯಂ', ಒಂದಕ್ಕಿಂತ ಕೆಳಗೆ, 0.6ರಿಂದ 0.8ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಈ ಅಂಕಿಗಳೇ ಇಲ್ಲದ ಚೀಲವನ್ನು ಅಲ್ಲೇ ಬಿಟ್ಟು ಬನ್ನಿ.

ಆಮೇಲೆ ಯಾವುದರಿಂದ ಮಾಡಿದ್ದು ಎಂದು ನೋಡಿ. ಹೆಚ್ಚು ಹಾಕಿದ ವಸ್ತುವಿನ ಹೆಸರು ಸಾಮಾನ್ಯವಾಗಿ ಮೊದಲು ಬರುತ್ತದೆ. 'ತಿಮೋತಿ' ಎನ್ನುವುದು ತಣ್ಣನೆಯ ದೇಶಗಳಲ್ಲಿ ಬೆಳೆಯುವ ಒಂದು ಹುಲ್ಲು. ಅದೋ, ಬೇರೆ ಯಾವುದೋ ಹುಲ್ಲೋ ಮೊದಲಿಗಿದ್ದರೆ ಸರಿ. 'ಆಲ್ಫಾಲ್ಫಾ' ಎಂದಿದ್ದರೆ ಅದು ನಮ್ಮ ಕುದುರೆ ಮಸಾಲೆ ಸೊಪ್ಪು. ಅದರಲ್ಲಿ ಪ್ರೋಟೀನೂ ಹೆಚ್ಚು, ಕ್ಯಾಲ್ಸಿಯಂ ಹುಲ್ಲಿಗಿಂತ ಎರಡು ಮೂರು ಪಟ್ಟು. ಮರಿಗಳಿಗೆ, ಬಾಣಂತಿ ಮೊಲಕ್ಕೆ ಒಳ್ಳೆಯದು. ಮೆಕ್ಕೆಜೋಳ, ಗೋಧಿ, ಬೆಲ್ಲದ ಮಡ್ಡಿ ಮೊದಲ ಹೆಸರಾಗಿದ್ದರೆ ಬೇಡವೇ ಬೇಡ.

ಕೆಂಪು, ಹಸಿರು, ಹಳದಿ ಚೂರುಗಳು, ಕಾಳು, ಬೀಜ ಬೆರೆಸಿದ ಚೆಂದದ ಪೊಟ್ಟಣಗಳು ಆನ್‌ಲೈನಿನಲ್ಲೂ ದೊಡ್ಡ ಊರಿನ ಅಂಗಡಿಗಳಲ್ಲೂ ಬರುತ್ತವೆ. ನೋಡಲು ಮಂಡಕ್ಕಿ ಮಿಕ್ಸ್‌ಚರಿನ ಹಾಗೆ ಆಸೆ ಹುಟ್ಟಿಸುತ್ತವೆ. ಮೊಲವೂ ನಮ್ಮ ಮಕ್ಕಳಂತೆಯೇ, ಇಷ್ಟವಾದ ಕಾಳನ್ನು ಆರಿಸಿ ತಿಂದು ನಾರಿನ ಗುಳಿಗೆಯನ್ನು ಬಟ್ಟಲಲ್ಲೇ ಬಿಡುತ್ತದೆ. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ಪಶುವೈದ್ಯರು 32 ಮೊಲಗಳಿಗೆ 17 ತಿಂಗಳು ಬೇರೆ ಬೇರೆ ಆಹಾರ ಕೊಟ್ಟು ನೋಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಲ್ಲಿಲ್ಲದೆ ಬರೀ ಇಂಥ ಮಿಶ್ರಣ ತಿಂದ ಮೊಲಗಳ ಹಲ್ಲು ಉದ್ದ ಬೆಳೆದು ಡೊಂಕಾಗಿತ್ತು. ಅದರಲ್ಲೂ ಮುದಿ ಮೊಲದ ಬಾಯಿಗೆ ಇದು ಬೇಡ.

<b>ಒಂದೇ ವಯಸ್ಸು, ಎರಡು ತೂಕ</b>

ಈಗ ಮುಖ್ಯ ಮಾತಿಗೆ ಬರುತ್ತೇನೆ. 'ಮುದಿ ಮೊಲಗಳಿಗಾಗಿ' ಎಂದು ಬರೆದ ವಿಶೇಷ ಪೊಟ್ಟಣ ಸಿಕ್ಕಿದರೂ ಕಣ್ಣು ಮುಚ್ಚಿಕೊಂಡು ಕೊಳ್ಳಬೇಡಿ. ಎಲ್ಲ ಮುಪ್ಪೂ ಒಂದೇ ಥರ ಅಲ್ಲ. ನಮ್ಮ ಮನೆಯಲ್ಲಿ ಗುಂಡ, ಬೆಳ್ಳಿ ಎಂದು ಎರಡು ಮೊಲಗಳಿವೆ. ಇಬ್ಬರಿಗೂ ಏಳು ವರ್ಷ, ಒಂದೇ ಬುಟ್ಟಿಯಲ್ಲಿ ಬಂದವರು. ಗುಂಡ ಹೆಸರಿಗೆ ತಕ್ಕ ಹಾಗೆ 3.2 ಕೆ.ಜಿ. ಬೆಳ್ಳಿ 2.1 ಇದ್ದದ್ದು ಎರಡು ತಿಂಗಳಲ್ಲಿ 1.7ಕ್ಕೆ ಇಳಿಯಿತು. ಇವೆರಡಕ್ಕೂ ಒಂದೇ ಬಟ್ಟಲಿನಲ್ಲಿ ಒಂದೇ ಪೆಲೆಟ್ಟು ಇಟ್ಟರೆ ಏನಾಗುತ್ತದೆ ಯೋಚಿಸಿ. ಗುಂಡ ತನ್ನದೂ ತಿಂದು ಬೆಳ್ಳಿಯದೂ ತಿನ್ನುತ್ತದೆ!

ದಪ್ಪಗಿನ ಮುದಿ ಮೊಲದ ಕಷ್ಟ ಹೀಗೆ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಂದು ಗಟ್ಟಿ ಉಂಡೆ. ಇನ್ನೊಂದು ದ್ರಾಕ್ಷಿ ಗೊಂಚಲಿನಂಥ ಮೆತ್ತನೆಯದು, ಅದನ್ನು ಬಗ್ಗಿ ತಾನೇ ತಿಂದುಬಿಡುತ್ತದೆ. ಅಸಹ್ಯಪಡಬೇಡಿ, ಅದರ ವಿಟಮಿನ್ನು ಇರುವುದೇ ಅಲ್ಲಿ. ಮೈ ದಪ್ಪವಾಗಿ, ಸೊಂಟದ ಕೀಲು ನೋಯುತ್ತಿದ್ದರೆ ಬಗ್ಗಲು ಆಗುವುದಿಲ್ಲ. ಹಿಂಭಾಗಕ್ಕೆಲ್ಲ ಅಂಟಿಕೊಳ್ಳುತ್ತದೆ, ನೊಣ ಮೊಟ್ಟೆ ಇಟ್ಟು ಹುಳು ಬೀಳುತ್ತದೆ. ಬೇಸಗೆಯಲ್ಲೂ ಮಳೆಗಾಲದಲ್ಲೂ ಒಂದೇ ದಿನದಲ್ಲಿ ಪ್ರಾಣಕ್ಕೆ ಬರಬಹುದಾದ ಕಷ್ಟ ಇದು. ಅದಕ್ಕೇ ದಿನಕ್ಕೊಮ್ಮೆ ಮಗುವಿನ ಹಾಗೆ ಹಿಂದೆ ಮುಂದೆ ನೋಡಬೇಕು. ಇಂಥ ಮೊಲಕ್ಕೆ ನಾರು ಹೆಚ್ಚಿರುವ, ಹುಲ್ಲಿನ ಪೆಲೆಟ್ಟೇ ಆಗಬೇಕು, ಅದೂ ಅಳತೆ ಮಾಡಿ. ಕೆ.ಜಿ. ತೂಕಕ್ಕೆ ದಿನಕ್ಕೆ 25 ಗ್ರಾಂ ಎನ್ನುವುದು ಮೇಲಿನ ಮಿತಿ. ಮೊಲ ಈಗ ಎಷ್ಟು ತೂಗುತ್ತದೋ ಅದಕ್ಕಲ್ಲ, ಎಷ್ಟು ತೂಗಬೇಕೋ ಅದಕ್ಕೆ ಲೆಕ್ಕ ಹಾಕಿ. ಗುಂಡ ಎರಡೂವರೆ ಕೆ.ಜಿ. ಇರಬೇಕಾದ ಪ್ರಾಣಿ. ಅದಕ್ಕೆ 40 ಗ್ರಾಂ ಕೊಡುತ್ತೇನೆ, ಬೆಳಿಗ್ಗೆ 20, ಸಂಜೆ 20. ಒಮ್ಮೆಲೇ ಕಡಿಮೆ ಮಾಡಬೇಡಿ, ವಾರಕ್ಕಿಷ್ಟು ಎಂದು ಇಳಿಸಿ. ಹುಲ್ಲು ಮಾತ್ರ ಎಷ್ಟು ತಿಂದರೂ ಸರಿಯೇ.

ತೆಳ್ಳಗಾಗುವ ಮುದಿ ಮೊಲದ ವಿಷಯದಲ್ಲಿ ಆತುರ ಬೇಡ. "ಸೊರಗಿದೆ, ಪುಷ್ಟಿಯಾದದ್ದು ಹಾಕೋಣ" ಎಂದು ನಮ್ಮ ತಾಯಿಮನಸ್ಸು ಹೇಳುತ್ತದೆ. ಮೊದಲು ಯಾಕೆ ಸೊರಗಿತು ಎಂದು ತಿಳಿಯಬೇಕು. ಬೆಳ್ಳಿ ಪೆಲೆಟ್ಟನ್ನು ಬಾಯಿಗೆ ತೆಗೆದುಕೊಂಡು ಕೆಳಗೆ ಬೀಳಿಸುತ್ತಿತ್ತು. ಗಲ್ಲದ ಕೆಳಗೆ ಒದ್ದೆ. ಹುಲ್ಲು ಮುಟ್ಟದೆ ಕೊತ್ತಂಬರಿ ಸೊಪ್ಪು ಮಾತ್ರ ತಿನ್ನುತ್ತಿತ್ತು. ಶಿವಮೊಗ್ಗದಲ್ಲಿ ಪಶುವೈದ್ಯರು ಬಾಯಿ ಅಗಲಿಸಿ ಬೆಳಕು ಬಿಟ್ಟು ನೋಡಿದಾಗ ದವಡೆ ಹಲ್ಲಿನಲ್ಲಿ ಮುಳ್ಳಿನಂತೆ ಚೂಪು ಬೆಳೆದು ನಾಲಿಗೆ ಕೊಯ್ದಿತ್ತು. ಮತ್ತು ಬರಿಸಿ ಅದನ್ನು ಉಜ್ಜಿ ತೆಗೆದರು. ಆ ಮುಳ್ಳು ಇರುವ ತನಕ ಬಂಗಾರದ ಪೆಲೆಟ್ಟು ತಂದಿದ್ದರೂ ಅದು ತಿನ್ನುತ್ತಿರಲಿಲ್ಲ. ನಮ್ಮ ಮನೆಯವರು ಬಸ್ಸಿನ ಖರ್ಚು, ಡಾಕ್ಟರ ಖರ್ಚು ಸೇರಿಸಿ "ಇದಕ್ಕೆ ಹೊಸ ಮೊಲ ನಾಲ್ಕು ಬರ್ತಿತ್ತು" ಎಂದರು. ನಾನು ಉತ್ತರ ಕೊಡಲಿಲ್ಲ. ಅವರೇ ಮರುದಿನ ತೋಟದಿಂದ ಗರಿಕೆ ತಂದು ಅದರ ಮುಂದೆ ಇಟ್ಟರು.

ಹಲ್ಲಿನ ತೊಂದರೆ ಕಳೆದ ಮೇಲೆ, ಮೂತ್ರಪಿಂಡ ಚೆನ್ನಾಗಿದೆ ಎಂದು ವೈದ್ಯರು ಹೇಳಿದ ಮೇಲೆ, ತೆಳ್ಳಗಿನ ಮೊಲಕ್ಕೆ ಪೆಲೆಟ್ಟು ಸ್ವಲ್ಪ ಹೆಚ್ಚಿಸಬಹುದು. ಕುದುರೆ ಮಸಾಲೆಯ ಪೆಲೆಟ್ಟನ್ನು ಕಾಲು ಭಾಗ ಬೆರೆಸಲೂಬಹುದು. ಮೂತ್ರದಲ್ಲಿ ಮರಳಿನಂತೆ ಬಿಳಿ ಗಸಿ ಬರುವ ಮೊಲಕ್ಕಾದರೆ ಇದು ಕೂಡದು. ನಮ್ಮ ಮೈ ಬೇಕಾದಷ್ಟು ಕ್ಯಾಲ್ಸಿಯಂ ಮಾತ್ರ ಹೀರಿಕೊಳ್ಳುತ್ತದೆ. ಮೊಲದ ಮೈ ತಿಂದಷ್ಟಕ್ಕೆ ತಕ್ಕಂತೆ ಹೀರಿ, ಮಿಕ್ಕಿದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಆದ್ದರಿಂದ ಮೊಲದ ಮೂತ್ರ ಕೊಂಚ ಕದಡಿದಂತಿರುವುದು ಸಹಜ. ಒಣಗಿದ ಮೇಲೆ ನೆಲದಲ್ಲಿ ಸುಣ್ಣದ ಪುಡಿಯಂತೆ ದಪ್ಪಗೆ ಉಳಿದರೆ, ಮೂತ್ರ ಮಾಡುವಾಗ ಮೈ ಮುದುರಿ ತಿಣುಕಿದರೆ, ಅದು ಸಹಜವಲ್ಲ. ಅಂಥದ್ದಕ್ಕೆ ನುಗ್ಗೆ ಸೊಪ್ಪು, ಅಗಸೆ ಸೊಪ್ಪನ್ನೂ ನಿಲ್ಲಿಸಿ, ನೀರು ಹೆಚ್ಚು ಕುಡಿಸಿ. ತೂಗು ಹಾಕಿದ ಬಾಟಲಿಗಿಂತ ಮಣ್ಣಿನ ತಗ್ಗು ಬಟ್ಟಲಲ್ಲಿ ನೀರಿಟ್ಟರೆ ಕತ್ತು ನೋಯುವ ಮುದಿ ಮೊಲ ಹೆಚ್ಚು ಕುಡಿಯುತ್ತದೆ.

ರಾಗಿಯ ಮಾತು ಬಂದೇ ಬರುತ್ತದೆ. "ಮೂಳೆಗೆ ಶಕ್ತಿ, ಒಂದು ತುತ್ತು ಮುದ್ದೆ ಹಾಕು, ಹುರಿಹಿಟ್ಟು ಕಲಸಿ ಇಡು" ಎಂದು ಹಿರಿಯರು ಪ್ರೀತಿಯಿಂದ ಹೇಳುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯ ಮುಂದೆ ಅದು ರಾಜ. ಆದರೆ ಮೇಲೆ ಹೇಳಿದ ಒಳ್ಳೆಯ ಪೆಲೆಟ್ಟಿನ 100 ಗ್ರಾಮಿನಲ್ಲಿ 600ರಿಂದ 800 ಮಿಲಿಗ್ರಾಂ ಆಗಲೇ ಇದೆಯಲ್ಲ! ಮೂಳೆಗೆಂದು ರಾಗಿ ಹಾಕುವ ಅಗತ್ಯವೇ ಇಲ್ಲ. ರಾಗಿಯಿಂದ ಮೊಲಕ್ಕೆ ಹೋಗುವುದು ಹಿಟ್ಟಿನ ಅಂಶ. ಅದು ಹೊಟ್ಟೆಯಲ್ಲಿ ಹುಳಿತು ಗ್ಯಾಸು ಕಟ್ಟುತ್ತದೆ. ಬಿಸ್ಕತ್ತು, ಬ್ರೆಡ್ಡು, ಅನ್ನಕ್ಕೂ ಇದೇ ಮಾತು. ಬೇಕಾದರೆ ರಾಗಿಯ ಹುಲ್ಲು ಕೊಡಿ, ಜಗಿಯಲಿ, ಆದರೆ ಅದರಲ್ಲಿ ಸತ್ವ ಕಡಿಮೆ. ಗಣಪತಿಗೆ ಏರಿಸುವ ಗರಿಕೆಯನ್ನು ಕುಯ್ದು ನೆರಳಿನಲ್ಲಿ ಎರಡು ಮೂರು ದಿನ ಒಣಗಿಸಿದರೆ ಬಹಳ ಒಳ್ಳೆಯ ಮೇವು, ಖರ್ಚೂ ಇಲ್ಲ. ಅಡಿಕೆ ತೋಟಕ್ಕೆ ಔಷಧ ಹೊಡೆದ ಜಾಗದ್ದು ಬೇಡ. ಕಾಂಗ್ರೆಸ್ ಗಿಡದ ಎಳೆ ಒಂದೂ ಸೇರದಂತೆ ಆರಿಸಬೇಕು. ಹೊರದೇಶದ ತಿಮೋತಿ ಹುಲ್ಲು ತರಿಸಲಾಗದವರು ಕೊರಗುವ ಅಗತ್ಯವಿಲ್ಲ.

<b>ಹಲ್ಲಿಲ್ಲದವರಿಗೆ ಪೆಲೆಟ್ ಗಂಜಿ</b>

ಅಡುಗೆ ಪುಟದವರು ನಗಬಾರದು, ಇದೂ ಒಂದು ಅಡುಗೆಯೇ. ಎರಡು ಟೇಬಲ್ ಚಮಚ ಹುಲ್ಲಿನ ಪೆಲೆಟ್ಟಿಗೆ ನಾಲ್ಕು ಚಮಚ ಉಗುರುಬೆಚ್ಚಗಿನ ನೀರು ಹಾಕಿ 15 ನಿಮಿಷ ಮುಚ್ಚಿಡಿ. ಉಬ್ಬಿ ಮೆತ್ತಗಾದ ಮೇಲೆ ಚಮಚದಿಂದ ಮಸೆದು, ಬಹಳ ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು ಬೆರೆಸಿ. ಉಪ್ಪು, ಬೆಲ್ಲ, ಹಾಲು, ಮೊಸರು ಯಾವುದೂ ಬೇಡ. ಚಪ್ಪಟೆ ತಟ್ಟೆಯಲ್ಲಿಡಿ. ಒಂದು ಗಂಟೆಯಲ್ಲಿ ಉಳಿದದ್ದನ್ನು ಎಸೆಯಿರಿ, ನಮ್ಮ ಸೆಖೆಗೆ ಬೇಗ ಹುಳಿಯುತ್ತದೆ. ಪಕ್ಕದಲ್ಲಿ ಒಣಹುಲ್ಲು ಇದ್ದೇ ಇರಬೇಕು. ನೀರಿಗೆ ಹಾಕಿದ ತಕ್ಷಣ ಕರಗಿ ಬಣ್ಣ ಬಿಡುವ ಪೆಲೆಟ್ಟಿನಲ್ಲಿ ಏನೇನಿದೆಯೋ ಎಂದು ನನಗೆ ಅನುಮಾನ. ಒಳ್ಳೆಯದು ಉಬ್ಬುತ್ತದೆ, ಎಳೆ ಎಳೆಯಾಗಿ ನಾರು ಕಾಣುತ್ತದೆ.

ಪೆಲೆಟ್ ಬದಲಾಯಿಸುವಾಗ ಹತ್ತು ದಿನ ಹಿಡಿಯಲಿ. ಮೊದಲು ಮುಕ್ಕಾಲು ಪಾಲು ಹಳೆಯದು, ಕಾಲು ಪಾಲು ಹೊಸದು, ಆಮೇಲೆ ಅರ್ಧ ಅರ್ಧ, ಹೀಗೆ. ಹಿಕ್ಕೆ ಸಣ್ಣದಾದರೆ, ತೆಳುವಾದರೆ ಹಿಂದಿನ ಮೆಟ್ಟಿಲಿಗೆ ಇಳಿಯಿರಿ. ಹುಲ್ಲಿನ ಪೆಲೆಟ್ಟು ಸಡಿಲ ಫೀಡಿಗಿಂತ ಹಲವು ಪಟ್ಟು ದುಬಾರಿ ಎನ್ನುವುದು ನಿಜ. ಆದರೆ ದಿನಕ್ಕೆ 40 ಗ್ರಾಂ ಎಂದರೆ ತಿಂಗಳಿಗೆ ಒಂದು ಕೆ.ಜಿ. 200 ಗ್ರಾಂ, ಅಷ್ಟೆ. ಅಗ್ಗವಾಯಿತೆಂದು ಐದು ಕೆ.ಜಿ. ಮೂಟೆ ತರಬೇಡಿ. ದಿನ ಕಳೆದಂತೆ ಪೆಲೆಟ್ಟಿನ ವಿಟಮಿನ್ನು ಇಳಿಯುತ್ತದೆ, ಶ್ರಾವಣದ ಥಂಡಿಗೆ ಬೂಷ್ಟು ಬರುತ್ತದೆ. ತಯಾರಾದ ತಾರೀಖು ನೋಡಿ, ಒಂದೂವರೆ ತಿಂಗಳಿಗೆ ಸಾಕಾಗುವಷ್ಟು ತಂದು, ಚಕ್ಕುಲಿ ಡಬ್ಬಿಯಂಥ ಬಿಗಿ ಮುಚ್ಚಳದ ಸ್ಟೀಲು ಡಬ್ಬಿಯಲ್ಲಿಡಿ. ಮುಗ್ಗಲು ವಾಸನೆ ಬಂದರೆ ಬಿಸಿಲಿಗೆ ಹರವಿ ಮತ್ತೆ ಹಾಕುವ ಜಾಣತನ ಬೇಡ, ಬೂಷ್ಟು ಸತ್ತರೂ ಅದರ ವಿಷ ಉಳಿಯುತ್ತದೆ.

ಪ್ರತಿ ವಾರ ಒಂದೇ ದಿನ, ಒಂದೇ ಹೊತ್ತಿಗೆ ತೂಕ ಮಾಡಿ. ಮೊಲವನ್ನು ಬುಟ್ಟಿಯಲ್ಲಿ ಕೂರಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬುಟ್ಟಿಯ ತೂಕ ಕಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ಹಾಲಿನ ಲೆಕ್ಕದ ಪಕ್ಕದಲ್ಲೇ. ಎರಡು ಕೆ.ಜಿ. ಮೊಲ 200 ಗ್ರಾಂ ಇಳಿದರೆ ನಾವು ಐದಾರು ಕೆ.ಜಿ. ಇಳಿದ ಹಾಗೆ. ಕೂದಲಿನ ಕೆಳಗೆ ಅದು ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ.

ಮೊಲ ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಹಾಕದೆ ಮುದುರಿ ಕೂತರೆ ಅದು ಪೆಲೆಟ್ ಬದಲಾಯಿಸುವ ಹೊತ್ತಲ್ಲ, ಬಸ್ಸು ಹತ್ತುವ ಹೊತ್ತು. ನಾಳೆ ನೋಡೋಣ ಎನ್ನಬೇಡಿ. ಮಕ್ಕಳಿಗೆ ತಂದ ಅಮಾಕ್ಸಿಸಿಲಿನ್ ಸಿರಪ್ಪನ್ನಂತೂ ಹಾಕಲೇಬೇಡಿ. ಬಾಯಿಗೆ ಹಾಕಿದ ಆ ಜಾತಿಯ ಔಷಧ ಮೊಲದ ಕರುಳಿನ ಒಳ್ಳೆಯ ಜೀವಾಣುಗಳನ್ನು ಕೊಂದು ಪ್ರಾಣ ತೆಗೆಯಬಹುದು. ಊರಿನ ದನದ ಡಾಕ್ಟರು ಮೊಲ ನೋಡಿ ಅಭ್ಯಾಸವಿಲ್ಲ ಎಂದರೆ ನಮಗೆ ಹತ್ತಿರದ ಪಶುವೈದ್ಯ ಕಾಲೇಜುಗಳು ಶಿವಮೊಗ್ಗ ಮತ್ತು ಹಾಸನದಲ್ಲಿವೆ. ಹೋಗುವಾಗ ಪೆಲೆಟ್ ಚೀಲದ ಅಂಕಿಗಳಿರುವ ಭಾಗವನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಳ್ಳಿ, ಕ್ಯಾಲೆಂಡರಿನ ಆ ಹಾಳೆಯನ್ನೂ ಹರಿದುಕೊಳ್ಳಿ. ದಾರಿಯಲ್ಲಿ ತಿನ್ನಲು ಒಂದು ಹಿಡಿ ಗರಿಕೆ ಬುಟ್ಟಿಯಲ್ಲಿರಲಿ.